ಕ್ರೀಮ್ ಜೇನು: ಹರಳುಗಟ್ಟುವ ಜೇನನ್ನು ಹದಕ್ಕೆ ತರುವ ವಿದ್ಯೆ

ಬಾಟಲಿಯ ತಳದಲ್ಲಿ ಬಿಳಿಯ ಹರಳು ಕಂಡೊಡನೆ ಜೇನುತುಪ್ಪಕ್ಕೆ ಸಕ್ಕರೆ ಪಾಕ ಬೆರೆಸಿದ್ದಾರೆಂದು ತೀರ್ಮಾನಿಸುವುದು ಕರ್ನಾಟಕದ ಗ್ರಾಹಕರಲ್ಲಿ ಬಹುಕಾಲದಿಂದ ಬೇರೂರಿರುವ ರೂಢಿ. ಅಂತಹ ಬಾಟಲಿಯನ್ನು ಅಂಗಡಿಗೆ ಹಿಂದಿರುಗಿಸಿ ಜಗಳ ತೆಗೆಯುವವರೂ ಇದ್ದಾರೆ, ಬಿಸಿಲಿಗಿಟ್ಟು ಕರಗಿಸಿಕೊಂಡು ಅರೆಮನಸ್ಸಿನಿಂದಲೇ ಬಳಸುವವರೂ ಇದ್ದಾರೆ. ಕೆನಡಾ, ನ್ಯೂಜಿಲೆಂಡ್, ಜರ್ಮನಿ ಮೊದಲಾದ ತಂಪು ಹವೆಯ ದೇಶಗಳಲ್ಲಾದರೋ ಜೇನು ಹರಳುಗಟ್ಟುವುದು ಜನರಿಗೆ ಪರಿಚಿತವಾದ ಸಂಗತಿಯಾಗಿದ್ದು, ಅಲ್ಲಿನ ಉತ್ಪಾದಕರು ಜೇನನ್ನು ಬೇಕೆಂದೇ ಹರಳುಗಟ್ಟಿಸಿ, ಚಾಕುವಿನಿಂದ ಬ್ರೆಡ್ಡಿನ ಮೇಲೆ ಸವರಬಹುದಾದ ನಯವಾದ ಹದಕ್ಕೆ ತಂದು ಮಾರುತ್ತಾರೆ. ಇಂಗ್ಲಿಷ್ ಬಲ್ಲ ಪೇಟೆಗಳಲ್ಲಿ ಕ್ರೀಮ್ಡ್ ಹನಿ ಎಂದು ಕರೆಸಿಕೊಳ್ಳುವ ಈ ಪದಾರ್ಥಕ್ಕೆ ಕನ್ನಡದಲ್ಲಿ ಕ್ರೀಮ್ ಜೇನು ಎನ್ನಬಹುದು. ಅದರಲ್ಲಿ ಹಾಲಿನ ಕೆನೆಯಾಗಲಿ, ಬೆಣ್ಣೆಯಾಗಲಿ, ಹೊರಗಿನಿಂದ ಸೇರಿಸಿದ ಇನ್ನಾವ ವಸ್ತುವಾಗಲಿ ಇರುವುದಿಲ್ಲ.

ಕ್ರೀಮ್ ಜೇನೆಂದರೆ, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದ, ನಾಲಿಗೆಗೂ ತಟ್ಟದ ಅಸಂಖ್ಯಾತ ಸೂಕ್ಷ್ಮ ಹರಳುಗಳು ದ್ರವರೂಪದ ಜೇನಿನಲ್ಲಿ ಒತ್ತೊತ್ತಾಗಿ ತುಂಬಿಕೊಂಡು, ಇಡೀ ರಾಶಿಯೇ ಮೃದುವಾದ ಗಟ್ಟಿತನವನ್ನು ಪಡೆದಿರುವ ಜೇನು. ದ್ರವಜೇನಿನ ಬಣ್ಣ ಹೊನ್ನಿನದಿರಲಿ, ಕಂದಿರಲಿ, ಕ್ರೀಮ್ ಜೇನಿನ ಬಣ್ಣ ಅದಕ್ಕಿಂತ ಬಹಳ ತಿಳಿಯಾಗಿ ದಂತದ ಬಿಳುಪಿನ ಕಡೆಗೆ ತಿರುಗಿರುತ್ತದೆ. ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದೇ ಇದಕ್ಕೆ ಕಾರಣ. ಅದನ್ನು ಕರಗಿಸಿದರೆ ಮೊದಲಿನ ಬಣ್ಣ ಮರಳಿ ಬರುತ್ತದೆ. ಗಾಳಿ ತುಂಬುವಂತೆ ಕಡೆದು ಈ ಹದ ತರಲಾಗುತ್ತದೆಂಬ ನಂಬಿಕೆ ಪಾಶ್ಚಾತ್ಯ ಅಡುಗೆಮನೆಗಳಲ್ಲಿಯೂ ಹರಡಿದೆ, ಆದರೆ ಅದು ಸರಿಯಲ್ಲ. ಗಾಳಿಗೂ ಈ ಹದಕ್ಕೂ ಸಂಬಂಧವಿಲ್ಲದಿರುವುದಷ್ಟೇ ಅಲ್ಲ, ಒಳಹೊಕ್ಕ ಗಾಳಿ ಗುಳ್ಳೆಗಳಾಗಿ ಮೇಲಕ್ಕೇರಿ ಜೇನಿನ ಮೇಲ್ಮೈಯಲ್ಲಿ ಅಂದಗೆಟ್ಟ ನೊರೆಯ ಪದರವಾಗಿ ನಿಲ್ಲುತ್ತದೆ.

ಜೇನು ಏಕೆ ಹರಳುಗಟ್ಟುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರ ಸಂಯೋಜನೆಯಲ್ಲಿದೆ. ಅಮೆರಿಕದ ಕೃಷಿ ಇಲಾಖೆ 490 ಮಾದರಿಗಳನ್ನು ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 100 ಗ್ರಾಂ ಜೇನಿನಲ್ಲಿ ಸರಾಸರಿ 38 ಗ್ರಾಂ ಫ್ರಕ್ಟೋಸ್, 31 ಗ್ರಾಂ ಗ್ಲೂಕೋಸ್ ಮತ್ತು 17 ಗ್ರಾಂ ನೀರು ಇದ್ದು, ಉಳಿದದ್ದು ಬೇರೆ ಸಕ್ಕರೆಗಳು, ಆಮ್ಲಗಳು, ಖನಿಜಗಳು ಮತ್ತು ಇತರ ಅಲ್ಪ ಪ್ರಮಾಣದ ಅಂಶಗಳು. ಫ್ರಕ್ಟೋಸ್ ಮತ್ತು ಗ್ಲೂಕೋಸ್ ಎರಡೂ ಸರಳ ಸಕ್ಕರೆಗಳೇ ಆದರೂ ನೀರಿನಲ್ಲಿ ಕರಗುವ ವಿಷಯದಲ್ಲಿ ಅವುಗಳ ಸ್ವಭಾವ ತೀರ ಬೇರೆ. ಸಾಧಾರಣ ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 90 ಗ್ರಾಂ ಗ್ಲೂಕೋಸನ್ನು ಮಾತ್ರ ಕರಗಿಸಿಕೊಳ್ಳಬಲ್ಲದು, ಫ್ರಕ್ಟೋಸಿನ ಮಟ್ಟಿಗೆ ಈ ಮಿತಿ 350 ಗ್ರಾಂಗಿಂತಲೂ ಹೆಚ್ಚು. ಜೇನಿನಲ್ಲಿರುವ 17 ಗ್ರಾಂ ನೀರಿಗೆ 31 ಗ್ರಾಂ ಗ್ಲೂಕೋಸ್ ಎಂದರೆ 100 ಗ್ರಾಂ ನೀರಿಗೆ 180 ಗ್ರಾಂ ದಾಟಿದ ಲೆಕ್ಕ. ಅಂದರೆ ನೀರು ಹೊರಬಲ್ಲುದರ ಇಮ್ಮಡಿ ಗ್ಲೂಕೋಸ್ ಅದರಲ್ಲಿ ಸೇರಿಕೊಂಡಿದೆ. ಹೀಗೆ ಮಿತಿ ಮೀರಿ ಕರಗಿರುವ ವಸ್ತುವುಳ್ಳ ದ್ರಾವಣಕ್ಕೆ ರಸಾಯನಶಾಸ್ತ್ರದಲ್ಲಿ ಅತಿಪರ್ಯಾಪ್ತ ದ್ರಾವಣ ಎನ್ನುತ್ತಾರೆ. ಅದು ಸ್ಥಿರವಾಗಿರುವುದಿಲ್ಲ, ಹೆಚ್ಚುವರಿ ಭಾಗವನ್ನು ಹೊರಹಾಕಲು ಅವಕಾಶ ಕಾಯುತ್ತಿರುತ್ತದೆ. ಆದ್ದರಿಂದ ಜೇನಿನಿಂದ ಹರಳಾಗಿ ಬೇರ್ಪಡುವುದು ಗ್ಲೂಕೋಸ್, ಹರಳುಗಳ ನಡುವೆ ದ್ರವವಾಗಿ ಉಳಿಯುವುದು ಬಹುಮಟ್ಟಿಗೆ ಫ್ರಕ್ಟೋಸ್.

ಹರಳುಗಟ್ಟುವ ವೇಗ ಎಲ್ಲ ಜೇನಿನಲ್ಲಿಯೂ ಒಂದೇ ಅಲ್ಲ. ಗ್ಲೂಕೋಸಿನ ಪ್ರಮಾಣವನ್ನು ನೀರಿನ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆ 1.7ಕ್ಕಿಂತ ಕಡಿಮೆಯಿದ್ದರೆ ಆ ಜೇನು ಬಹುಕಾಲ ದ್ರವವಾಗಿಯೇ ಇರುತ್ತದೆಂದೂ, 2.1ನ್ನು ಮೀರಿದರೆ ಬೇಗನೆ ಗಟ್ಟಿಯಾಗುತ್ತದೆಂದೂ ಜೇನುತಜ್ಞರು ಲೆಕ್ಕ ಹಾಕುತ್ತಾರೆ. ಉತ್ತರ ಭಾರತದ ಸಾಸಿವೆ ಹೊಲಗಳ ಜೇನು ತೆಗೆದ ಕೆಲವೇ ವಾರಗಳಲ್ಲಿ ಬಿಳಿಯ ಮುದ್ದೆಯಾಗುವುದು ಇದೇ ಕಾರಣದಿಂದ, ಯುರೋಪಿನ ರೇಪ್ ಹೂವಿನ ಜೇನಂತೂ ಸಕಾಲದಲ್ಲಿ ತೆಗೆಯದಿದ್ದರೆ ಎರಿಯೊಳಗೇ ಕಲ್ಲಾಗುವುದುಂಟು. ಕರ್ನಾಟಕದ ಮಟ್ಟಿಗೆ ಬಯಲುಸೀಮೆಯ ಸೂರ್ಯಕಾಂತಿ ಜೇನು ಮತ್ತು ದಕ್ಷಿಣ ಕನ್ನಡದ ರಬ್ಬರ್ ತೋಟಗಳ ಜೇನು ಬೇಗ ಹರಳುಗಟ್ಟುವ ಗುಂಪಿಗೆ ಸೇರುತ್ತವೆ. (ರಬ್ಬರ್ ಜೇನು ಹೂವಿನಿಂದ ಬರುವುದಲ್ಲ, ಎಳೆಯ ಎಲೆಗಳ ತೊಟ್ಟಿನಲ್ಲಿ ಜಿನುಗುವ ಮಕರಂದದಿಂದ ಬರುವುದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.) ನಾನಾ ಮರಗಳ ಹೂವಿನಿಂದ ಸಂಗ್ರಹವಾದ ಮಲೆನಾಡಿನ ಕಾಡುಜೇನಿನ ನಡತೆಯನ್ನು ಮಾತ್ರ ಮುಂದಾಗಿ ಹೇಳಲಾಗದು. ಈ ವ್ಯತ್ಯಾಸಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಹರಳುಗಟ್ಟಿದೆ ಎಂಬುದರಿಂದ ಜೇನು ಕಲಬೆರಕೆಯೆಂದೂ ಹೇಳಲಾಗದು, ಹರಳುಗಟ್ಟಿಲ್ಲ ಎಂಬುದರಿಂದ ಅದು ಶುದ್ಧವೆಂದೂ ಹೇಳಲಾಗದು.

ತನ್ನ ಪಾಡಿಗೆ ಬಿಟ್ಟ ಜೇನಿನಲ್ಲಿ ಹರಳು ಹುಟ್ಟುವುದಕ್ಕೆ ಯಾವುದಾದರೂ ಆಸರೆ ಬೇಕು. ಪರಾಗದ ಕಣ, ಮೇಣದ ಚೂರು, ಗಾಳಿಯ ಗುಳ್ಳೆ, ಸರಿಯಾಗಿ ತೊಳೆಯದ ಬಾಟಲಿಯಲ್ಲಿ ಉಳಿದ ಹಳೆಯ ಹರಳು ಇವುಗಳಲ್ಲಿ ಯಾವುದಾದರೂ ಬೀಜವಾಗಿ ಒದಗುತ್ತದೆ. ಇಂತಹ ಬೀಜಗಳು ಕೆಲವೇ ಇದ್ದಾಗ ದ್ರಾವಣದಿಂದ ಹೊರಬರಬೇಕಾದ ಗ್ಲೂಕೋಸೆಲ್ಲ ಆ ಕೆಲವಕ್ಕೇ ಅಂಟಿಕೊಂಡು, ಒಂದೊಂದು ಹರಳೂ ತಿಂಗಳುಗಟ್ಟಲೆ ಬೆಳೆದು ಮರಳಿನಂತೆ ದಪ್ಪವಾಗುತ್ತದೆ. ಬೀಜಗಳು ಲೆಕ್ಕವಿಲ್ಲದಷ್ಟಿದ್ದರೆ ಅಷ್ಟೇ ಗ್ಲೂಕೋಸು ಅವೆಲ್ಲವುಗಳ ನಡುವೆ ಹಂಚಿಹೋಗುವುದರಿಂದ ಯಾವ ಹರಳಿಗೂ ದೊಡ್ಡದಾಗಲು ಅವಕಾಶ ಸಿಗುವುದಿಲ್ಲ. ಹರಳಿನ ಗಾತ್ರ ಸುಮಾರು 25 ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗಕ್ಕಿಂತ, ಕಡಿಮೆಯಿದ್ದರೆ ನಾಲಿಗೆ ಅದನ್ನು ಬಿಡಿ ಕಣವಾಗಿ ಗುರುತಿಸಲಾರದು. ಕ್ರೀಮ್ ಜೇನಿನ ತಯಾರಿಕೆಯೆಲ್ಲ ನಿಂತಿರುವುದು ಈ ಒಂದು ತತ್ತ್ವದ ಮೇಲೆ: ಹರಳುಗಟ್ಟುವುದನ್ನು ತಡೆಯುವ ವ್ಯರ್ಥ ಪ್ರಯತ್ನವನ್ನು ಬಿಟ್ಟು, ಬೇಕಾದ ಬೀಜವನ್ನು ಬೇಕಾದಷ್ಟು ಒದಗಿಸಿ, ಹರಳು ನಮಗೆ ಬೇಕಾದ ಗಾತ್ರದಲ್ಲಿಯೇ ನಿಲ್ಲುವಂತೆ ಮಾಡುವುದು.

ಗಾತ್ರದ ಜೊತೆಗೆ ಇನ್ನೊಂದು ತೊಡಕೂ ಇದೆ, ಅದು ಹುಳಿಯುವುದು. ಗ್ಲೂಕೋಸ್ ಹರಳಾಗುವಾಗ ತನ್ನ ಪ್ರತಿ ಅಣುವಿನೊಂದಿಗೆ ಒಂದು ನೀರಿನ ಅಣುವನ್ನು ಹಿಡಿದುಕೊಳ್ಳುತ್ತದೆಯಾದರೂ ಅದು ಹರಳಿನ ತೂಕದ ಶೇಕಡಾ 9ರಷ್ಟು ಮಾತ್ರ. ಸಕ್ಕರೆ ಹೆಚ್ಚಾಗಿಯೂ ನೀರು ಕಡಿಮೆಯಾಗಿಯೂ ಹೊರಹೋಗುವುದರಿಂದ ಹಿಂದೆ ಉಳಿದ ದ್ರವ ಮೊದಲಿಗಿಂತ ತೆಳುವಾಗುತ್ತದೆ. ಶೇಕಡಾ 17 ತೇವಾಂಶವಿರುವ 100 ಗ್ರಾಂ ಜೇನಿನಿಂದ 15 ಗ್ರಾಂ ಗ್ಲೂಕೋಸ್ ಒಂದೂವರೆ ಗ್ರಾಂ ನೀರಿನೊಂದಿಗೆ ಹರಳಾಯಿತೆಂದು ಭಾವಿಸಿದರೆ, ಉಳಿದ ಎಂಬತ್ತಮೂರೂವರೆ ಗ್ರಾಂ ದ್ರವದಲ್ಲಿ ನೀರು ಹದಿನೈದೂವರೆ ಗ್ರಾಂ, ಎಂದರೆ ಶೇಕಡಾ 18.6 ಆಗುತ್ತದೆ. ಮೊದಲೇ ಶೇಕಡಾ 20 ತೇವಾಂಶವಿದ್ದ ಜೇನಿನಲ್ಲಿ ಇದೇ ಲೆಕ್ಕ ಶೇಕಡಾ 22ನ್ನು ದಾಟುತ್ತದೆ. ಅತಿ ಸಿಹಿಯಾದ ದ್ರವದಲ್ಲಿಯೂ ಬದುಕಬಲ್ಲ ಯೀಸ್ಟುಗಳು, ಅಂದರೆ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು, ಬಹುತೇಕ ಎಲ್ಲ ಜೇನಿನಲ್ಲಿಯೂ ಸುಪ್ತವಾಗಿ ಇದ್ದೇ ಇರುತ್ತವೆ. ದ್ರವ ತೆಳುವಾದೊಡನೆ ಅವು ಎಚ್ಚೆತ್ತುಕೊಳ್ಳುತ್ತವೆ. ದ್ರವವಾಗಿದ್ದಾಗ ಚೆನ್ನಾಗಿದ್ದ ಜೇನು ಹರಳುಗಟ್ಟಿದ ಮೇಲೆ ಹುಳಿ ವಾಸನೆ ಬಂದು ಮುಚ್ಚಳ ಉಬ್ಬುವುದಕ್ಕೆ ಇದೇ ಕಾರಣ.

ತಂಪು ದೇಶಗಳ ಜೇನುಕೃಷಿಕರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹಳ ನಷ್ಟ ತಂದ ಸಮಸ್ಯೆ ಇದು. ಅದಕ್ಕೆ ಕ್ರಮಬದ್ಧವಾದ ಪರಿಹಾರ ಕಂಡುಹಿಡಿದವರು ಕೆನಡಾದ ಒಂಟಾರಿಯೊ ಪ್ರಾಂತದ ಎಲ್ಟನ್ ಜೆ. ಡೈಸ್. ಜೇನು ಹುಳಿಯುವುದಕ್ಕೂ ಹರಳುಗಟ್ಟುವುದಕ್ಕೂ ಇರುವ ಸಂಬಂಧವನ್ನು ಅಭ್ಯಾಸ ಮಾಡಿದ ಅವರು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಎರಡೂ ತೊಡಕುಗಳನ್ನು ಒಟ್ಟಿಗೆ ನಿವಾರಿಸುವ ವಿಧಾನವನ್ನು ರೂಪಿಸಿದರು. 1935ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಮುಂದೆ ಅವರು ಕಾರ್ನೆಲ್‌ನಲ್ಲಿಯೇ ಜೇನುಕೃಷಿಯ ಪ್ರಾಧ್ಯಾಪಕರಾದರು, ಅಲ್ಲಿನ ಜೇನ್ನೊಣ ಸಂಶೋಧನಾಲಯ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಪೇಟೆಂಟಿನ ಅವಧಿ ಮುಗಿದು ದಶಕಗಳೇ ಕಳೆದಿದ್ದರೂ ಡೈಸ್ ವಿಧಾನವೆಂಬ ಹೆಸರು ಮಾತ್ರ ಹಾಗೆಯೇ ಉಳಿದುಕೊಂಡು, ಕ್ರೀಮ್ ಜೇನು ತಯಾರಿಸುವ ದೊಡ್ಡ ಘಟಕಗಳು ಅದನ್ನೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅನುಸರಿಸುತ್ತಿವೆ.

ಆ ವಿಧಾನದ ಹಂತಗಳು ಸರಳವಾಗಿಯೇ ಇವೆ. ಜೇನನ್ನು ಮೊದಲು ಸುಮಾರು 49 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ ಸೋಸಿ, ಬಳಿಕ 66 ಡಿಗ್ರಿಗೆ ಏರಿಸಿ ಯೀಸ್ಟುಗಳನ್ನು ನಾಶಪಡಿಸಿ ಉಳಿದ ಹರಳುಗಳನ್ನೂ ಪೂರ್ತಿ ಕರಗಿಸಿ, ಮತ್ತೆ ಸೋಸಿ, ಆದಷ್ಟು ಬೇಗ 24 ಡಿಗ್ರಿಗೆ ಇಳಿಸಬೇಕು. ಹೀಗೆ ತಣಿದ ಜೇನಿಗೆ, ಮೊದಲೇ ನಯವಾಗಿ ಹರಳುಗಟ್ಟಿಸಿಟ್ಟ ಜೇನನ್ನು ನೂರಕ್ಕೆ ಐದರಿಂದ ಹತ್ತು ಭಾಗದಷ್ಟು ಸೇರಿಸಿ ಸಮನಾಗಿ ಕಲಸಿ, ಪಾತ್ರೆಗಳಿಗೆ ತುಂಬಿ, 14 ಡಿಗ್ರಿಯ ತಂಪಿನಲ್ಲಿ ಒಂದು ವಾರ ಇಡಬೇಕು. ಸೇರಿಸುವ ಆ ಸಿದ್ಧ ಜೇನು, ಹಾಲಿಗೆ ಹಾಕುವ ಹೆಪ್ಪಿನ ಕೆಲಸವನ್ನೇ ಮಾಡುತ್ತದೆ. ಹೆಪ್ಪು ಕೆಟ್ಟದ್ದಾದರೆ ಮೊಸರು ಕೆಡುವಂತೆ, ಇಲ್ಲಿಯೂ ಹಾಕಿದ ಹರಳು ಒರಟಾಗಿದ್ದರೆ ಬರುವ ಜೇನೂ ಒರಟೇ. ಹೆಪ್ಪಿನಲ್ಲಿ ಜೀವಾಣುಗಳಿರುತ್ತವೆ, ಇದರಲ್ಲಿರುವುದು ಬರಿಯ ಹರಳು ಎಂಬುದಷ್ಟೇ ವ್ಯತ್ಯಾಸ. ಈ ಲೇಖನದಲ್ಲಿ ಮುಂದೆ ಹೆಪ್ಪು ಎಂದಾಗಲೆಲ್ಲ ಈ ಹರಳುಜೇನನ್ನೇ ಭಾವಿಸಬೇಕು.

ಉಷ್ಣತೆ 14 ಡಿಗ್ರಿಯೇ ಏಕಾಗಬೇಕು ಎಂಬುದನ್ನು ತಿಳಿದುಕೊಳ್ಳದೆ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಬಹಳ ಬಾರಿ ನಿರಾಶೆಯೇ ಫಲ. ಜೇನು ತಣ್ಣಗಾದಷ್ಟೂ ಅದರಲ್ಲಿ ಗ್ಲೂಕೋಸ್ ಕರಗಿ ನಿಲ್ಲುವ ಶಕ್ತಿ ಕುಗ್ಗುವುದರಿಂದ ಹರಳುಗಟ್ಟುವ ಒತ್ತಾಯ ಹೆಚ್ಚುತ್ತದೆ. ಇನ್ನೊಂದು ಕಡೆ, ತಣ್ಣಗಾದಷ್ಟೂ ಜೇನಿನ ಸ್ನಿಗ್ಧತೆ, ಅಂದರೆ ಹರಿಯದೆ ಅಂಟಿ ನಿಲ್ಲುವ ಗುಣ, ಏರುತ್ತ ಹೋಗಿ ಗ್ಲೂಕೋಸಿನ ಅಣುಗಳು ಹರಳಿನ ಬಳಿಗೆ ಸರಿಯುವುದೇ ಕಷ್ಟವಾಗುತ್ತದೆ. ಒಂದು ಮುಂದಕ್ಕೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆಯುವ ಈ ಎರಡು ಬಲಗಳು ಒಟ್ಟಾರೆ ಅತ್ಯಂತ ಅನುಕೂಲವಾಗಿ ಸೇರುವ ಜಾಗ 14 ಡಿಗ್ರಿಯ ಆಸುಪಾಸಿನಲ್ಲಿದೆ. ಫ್ರಿಜ್ಜಿನ ಒಳಗಿನ 4 ಡಿಗ್ರಿಯಲ್ಲಿ ಜೇನು ಮಂದವಾಗಿ ಮುದ್ದೆಗಟ್ಟಿದಂತೆ ತೋರಿದರೂ ಅದು ಹರಳುಗಟ್ಟಿದ್ದಲ್ಲ, ಹೊರಗೆ ತೆಗೆದು ಬೆಚ್ಚಗಾದೊಡನೆ ಮತ್ತೆ ಹರಿಯತೊಡಗುತ್ತದೆ. 27–28 ಡಿಗ್ರಿಯ ಕೋಣೆಯಲ್ಲಿಟ್ಟರೆ ಬಹಳ ನಿಧಾನವಾಗಿ ಗಟ್ಟಿಯಾಗುವುದಲ್ಲದೆ, ಹಗಲಿನ ಬಿಸಿಯಲ್ಲಿ ಚಿಕ್ಕ ಹರಳುಗಳು ಕರಗಿ ರಾತ್ರಿಯ ತಂಪಿನಲ್ಲಿ ಆ ಸಕ್ಕರೆ ದೊಡ್ಡ ಹರಳುಗಳಿಗೇ ಹೋಗಿ ಸೇರುವುದರಿಂದ ಹೆಪ್ಪಿನಿಂದ ಪಡೆದ ನಯ ದಿನದಿಂದ ದಿನಕ್ಕೆ ಕಳೆದುಹೋಗುತ್ತದೆ.

ಮನೆಯ ತಯಾರಿಕೆಯಲ್ಲಿ ಜೇನಿನ ಆಯ್ಕೆಯೇ ಅರ್ಧ ಕೆಲಸ. ಪಕ್ವವಾದ ಜೇನು, ಅಂದರೆ ನೊಣಗಳು ರೆಕ್ಕೆ ಬೀಸಿ ನೀರನ್ನು ಆರಿಸಿ, ಎರಿಯ ಕೋಶಗಳಿಗೆ ಮೇಣದ ಮುಚ್ಚಳ ಹಾಕಿದ ಮೇಲೆ ತೆಗೆದ ಜೇನು, ಇದಕ್ಕೆ ತಕ್ಕದ್ದು. ಅದರ ತೇವಾಂಶ ಶೇಕಡಾ 18ರೊಳಗಿದ್ದರೆ ಉತ್ತಮ. ಭಾರತದ ಆಹಾರ ಸುರಕ್ಷತೆಯ ನಿಯಮ ಶೇಕಡಾ 20ರವರೆಗೆ ತೇವಾಂಶವನ್ನು ಒಪ್ಪುತ್ತದೆಯಾದರೂ, ಹರಳುಗಟ್ಟಿದ ಮೇಲೆ ದ್ರವ ತೆಳುವಾಗುವ ಲೆಕ್ಕವನ್ನು ನೆನಪಿಸಿಕೊಂಡರೆ ಆ ಮಿತಿ ಕ್ರೀಮ್ ಜೇನಿಗೆ ಸಾಲದೆಂಬುದು ತಿಳಿಯುತ್ತದೆ. ನಮ್ಮ ತುಡುವೆ ಜೇನಿನಲ್ಲಿ, ಅದರಲ್ಲಿಯೂ ಮಳೆಗಾಲ ಸಮೀಪಿಸಿದಾಗ ತೆಗೆದದ್ದರಲ್ಲಿ, ತೇವಾಂಶ ಶೇಕಡಾ 20 ಮೀರುವುದು ಅಪರೂಪವೇನಲ್ಲ. ಕಾಡಿನ ಹೆಜ್ಜೇನಿನ ಸ್ಥಿತಿಯೂ ಹಾಗೆಯೇ. ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಉಪಕರಣದ ಗಾಜಿನ ಮೇಲೆ ಒಂದು ತೊಟ್ಟು ಜೇನಿಟ್ಟು, ಬೆಳಕು ಅದರಲ್ಲಿ ಬಾಗುವ ಪ್ರಮಾಣದಿಂದ ತೇವಾಂಶವನ್ನು ಓದಿಕೊಳ್ಳಬಹುದು, ಜೇನುಕೃಷಿಕರಲ್ಲಿ ಹಲವರ ಬಳಿ ಇದು ಇರುತ್ತದೆ. ಅದಿಲ್ಲದವರು ಬಾಟಲಿಯನ್ನು ತಲೆಕೆಳಗು ಮಾಡಿ ಒಳಗಿನ ಗಾಳಿಗುಳ್ಳೆ ಎಷ್ಟು ನಿಧಾನವಾಗಿ ಏರುತ್ತದೆಂದು ನೋಡುವುದುಂಟು, ಆದರೆ ಅದು ಬರಿಯ ಅಂದಾಜು. ತೆಳ್ಳಗೆ ಹರಿಯುವ ಜೇನಿದ್ದರೆ ಅದನ್ನು ದ್ರವವಾಗಿಯೇ ಬಳಸಿ ಮುಗಿಸುವುದು ಜಾಣತನ.

ಹೆಪ್ಪಿಗೆ ಎರಡು ದಾರಿಗಳಿವೆ. ಸಿದ್ಧ ಕ್ರೀಮ್ ಜೇನಿನ ಒಂದು ಸಣ್ಣ ಬಾಟಲಿಯನ್ನು ಕೊಂಡು ತರುವುದು ಸುಲಭದ ದಾರಿ. ಒಂದು ಕಿಲೋ ಜೇನಿಗೆ 100 ಗ್ರಾಂ ಸಾಕು. ಅದು ಸಿಗದಿದ್ದಲ್ಲಿ, ತಾನಾಗಿ ಹರಳುಗಟ್ಟಿದ ಸಾಸಿವೆ ಅಥವಾ ಸೂರ್ಯಕಾಂತಿ ಜೇನಿನ ಗಟ್ಟಿ ಭಾಗವನ್ನು ತೆಗೆದುಕೊಂಡು, ಮೇಲೆ ನಿಂತ ದ್ರವವನ್ನು ಬಸಿದು, ಒಣಗಿದ ಕಲ್ಲಿನ ಕುಟ್ಟಾಣಿಯಲ್ಲಿ ಒಂದೊಂದೇ ಚಮಚ ಹಾಕಿ ಅರೆಯಬೇಕು. ಅರೆಯುತ್ತಿರುವಂತೆ ಮೊದಲು ಕುಟ್ಟಾಣಿಯ ತಳದಲ್ಲಿ ಕರಕರ ಸದ್ದು ಕೇಳಿಸಿ, ಬರಬರುತ್ತ ಸದ್ದಡಗಿ, ಹಳದಿಯ ಮುದ್ದೆ ಬಿಳುಪಾಗುತ್ತ ಕಲ್ಲಿಗೆ ಅಂಟತೊಡಗುತ್ತದೆ; ಬೆರಳುಗಳ ನಡುವೆ ತೀಡಿದಾಗ ಕಣ ಸಿಗದಿದ್ದರೆ ಹೆಪ್ಪು ಸಿದ್ಧವಾದಂತೆ. ಮಿಕ್ಸಿಯಲ್ಲಿ ಹಾಕಿ ಬಿಡದೆ ತಿರುಗಿಸಿದರೆ ಬಿಸಿ ಹುಟ್ಟಿ ಅತಿ ಸಣ್ಣ ಹರಳುಗಳೇ ಮೊದಲು ಕರಗಿಹೋಗುವುದರಿಂದ, ಅದನ್ನು ಬಳಸುವವರು ಕ್ಷಣಕಾಲ ತಿರುಗಿಸಿ, ನಿಲ್ಲಿಸಿ, ತಣಿಯಲು ಬಿಟ್ಟು ಮುಂದುವರಿಯಬೇಕು. ಮೊದಲ ಬಾರಿ ಮಾಡಿದ ಜೇನು ಒಂದಿಷ್ಟು ಒರಟಾಗಿ ಬಂದರೂ, ಅದನ್ನೇ ಮತ್ತೆ ಅರೆದು ಹೆಪ್ಪಾಗಿ ಬಳಸಿದಂತೆ ಮುಂದಿನ ಸರದಿಗಳಲ್ಲಿ ನಯ ಹೆಚ್ಚುತ್ತದೆ.

ಜೇನನ್ನು ನೇರವಾಗಿ ಒಲೆಯ ಮೇಲಿಡಬಾರದು. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ತಳದಲ್ಲಿ ಬಟ್ಟೆ ಹಾಸಿ, ಅದರೊಳಗೆ ಜೇನಿನ ಪಾತ್ರೆಯನ್ನಿಟ್ಟು, ನೀರು ಕುದಿಯದಂತೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡುತ್ತ, ಅಡುಗೆಗೆ ಬಳಸುವ ಥರ್ಮಾಮೀಟರನ್ನು ಜೇನಿನಲ್ಲಿಯೇ ಇಳಿಬಿಟ್ಟು ನೋಡುತ್ತಿರಬೇಕು. 66 ಡಿಗ್ರಿ ತಲುಪಿದ ಮೇಲೆ ಮೂರು ನಾಲ್ಕು ನಿಮಿಷ ಹಾಗೆಯೇ ಇಟ್ಟರೆ ಯೀಸ್ಟುಗಳು ನಾಶವಾಗುತ್ತವೆ. ಅದಕ್ಕಿಂತ ಹೆಚ್ಚು ಹೊತ್ತು ಬಿಸಿ ಮಾಡುವುದರಿಂದ ಬಣ್ಣ ಕಂದುವುದು ಮತ್ತು ಪರಿಮಳ ಹಾರಿಹೋಗುವುದು ಬಿಟ್ಟರೆ ಬೇರಾವ ಲಾಭವೂ ಇಲ್ಲ. ತೆಳುಬಟ್ಟೆಯಲ್ಲಿ ಸೋಸಿದ ಜೇನಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೀರನ್ನು ಬದಲಾಯಿಸುತ್ತ, ಬೇಕಾದರೆ ಮಂಜುಗಡ್ಡೆ ಹಾಕಿ, 24 ಡಿಗ್ರಿಗೆ ಇಳಿಸಬೇಕು. ನಮ್ಮ ಬೇಸಿಗೆಯಲ್ಲಿ ಕೋಣೆಯ ಉಷ್ಣತೆಯೇ 30 ದಾಟಿರುವಾಗ ತಾನಾಗಿ ತಣಿಯಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಬೆಚ್ಚಗಿರುವ ಜೇನಿಗೆ ಹೆಪ್ಪು ಹಾಕಿದರೆ ಅದರಲ್ಲಿನ ಅತಿ ಸಣ್ಣ ಹರಳುಗಳು ಕರಗಿ, ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತದೆ.

ಹೆಪ್ಪನ್ನು ಒಮ್ಮೆಗೇ ಸುರಿಯದೆ, ಮೊದಲು ಅದಕ್ಕೆ ಒಂದೆರಡು ಸೌಟು ತಣಿದ ಜೇನು ಸೇರಿಸಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ಜೇನಿನೊಂದಿಗೆ ಬೆರೆಸಬೇಕು. ಮರದ ಸೌಟು ಜೇನಿನೊಳಗೇ ಮುಳುಗಿರುವಂತೆ ಹಿಡಿದು, ಮೇಲ್ಮೈ ಒಡೆಯದಂತೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ತಿರುಗಿಸಿದರೆ ಗಾಳಿ ಸೇರುವುದಿಲ್ಲ. ಸೇರಿದ ಅಷ್ಟಿಷ್ಟು ಗಾಳಿ ಒಂದೆರಡು ಗಂಟೆಯಲ್ಲಿ ಮೇಲೆ ಬಂದು ನಿಂತಾಗ ಅದನ್ನು ಚಮಚದಿಂದ ತೆಗೆದು, ಒಣಗಿದ, ಅಗಲ ಬಾಯಿಯ ಗಾಜಿನ ಬಾಟಲಿಗಳಿಗೆ ತುಂಬಬೇಕು. ಗಟ್ಟಿಯಾದ ಜೇನು ಇಕ್ಕಟ್ಟು ಬಾಯಿಯ ಬಾಟಲಿಯಿಂದ ಸುಲಭವಾಗಿ ಹೊರಬಾರದು.

ಆಮೇಲಿನ ಪ್ರಶ್ನೆಯೇ ಕರ್ನಾಟಕದ ಮನೆಗಳಿಗೆ ನಿಜವಾದ ಸವಾಲು. ಕೆನಡಾದ ನೆಲಮಾಳಿಗೆಯಲ್ಲಿ ಸಹಜವಾಗಿ ಸಿಗಬಲ್ಲ 14 ಡಿಗ್ರಿಯ ತಂಪು ಇಲ್ಲಿ ಸಿಗುವುದು ಕೊಡಗು, ಚಿಕ್ಕಮಗಳೂರು, ಬೀದರ್ ಮುಂತಾದ ಕಡೆಗಳ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಮಾತ್ರ, ಅದೂ ಬೆಳಗಾದೊಡನೆ ಏರಿಹೋಗುತ್ತದೆ. ಇದಕ್ಕೆ ಅಗ್ಗದ ಪರಿಹಾರವೆಂದರೆ ಥರ್ಮೊಕೋಲ್ ಪೆಟ್ಟಿಗೆ. ಬಾಟಲಿಗಳನ್ನು ಪೆಟ್ಟಿಗೆಯ ಒಂದು ಬದಿಗಿಟ್ಟು, ಇನ್ನೊಂದು ಬದಿಗೆ ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಇಟ್ಟು, ಒಳಗೊಂದು ಥರ್ಮಾಮೀಟರ್ ಇರಿಸಿ, ಉಷ್ಣತೆ 12ರಿಂದ 16ರ ನಡುವೆ ನಿಲ್ಲುವಂತೆ ಬೆಳಿಗ್ಗೆ ಸಂಜೆ ಮಂಜಿನ ಬಾಟಲಿಯನ್ನು ಬದಲಾಯಿಸುತ್ತಿದ್ದರೆ ಒಂದರಿಂದ ಎರಡು ವಾರಗಳಲ್ಲಿ ಜೇನು ಗಟ್ಟಿಯಾಗುತ್ತದೆ. ಹಳೆಯ ಫ್ರಿಜ್ ಇದ್ದವರು ಹೊರಗಿನಿಂದ ಥರ್ಮೋಸ್ಟಾಟ್, ಅಂದರೆ ನಿಗದಿತ ಉಷ್ಣತೆಗೆ ಬಂದಾಗ ವಿದ್ಯುತ್ತನ್ನು ಕಡಿಯುವ ಸಾಧನ, ಜೋಡಿಸಿಕೊಂಡರೆ ಈ ತೊಂದರೆಯೂ ಇಲ್ಲ. ಬಳಕೆಯ ಫ್ರಿಜ್ಜಿನಲ್ಲಿಯೇ ಮಾಡಬೇಕೆಂದರೆ ಬಾಗಿಲಿನ ಮೇಲಿನ ಅರೆ ಒಳಗಿಗಿಂತ ಕಡಿಮೆ ತಣ್ಣಗಿರುವುದರಿಂದ ಅಲ್ಲಿಟ್ಟು, ಇನ್ನೂ ಹೆಚ್ಚು ದಿನ ಕಾಯಬೇಕು.

ಸಿದ್ಧವಾದ ಜೇನು ಚಮಚ ಇಳಿಯದಷ್ಟು ಗಟ್ಟಿಯಾಗಿದ್ದರೆ ಗಾಬರಿಪಡಬೇಕಾಗಿಲ್ಲ. 28ರಿಂದ 30 ಡಿಗ್ರಿಯಲ್ಲಿ, ಅಂದರೆ ನಮ್ಮಲ್ಲಿ ಬಹುತೇಕ ಅಡುಗೆಮನೆಯ ಉಷ್ಣತೆಯಲ್ಲಿಯೇ, ಒಂದು ಹಗಲು ಇಟ್ಟರೆ ಅದು ಮೆತ್ತಗಾಗುತ್ತದೆ. ಬಾಟಲಿಯ ಒಳಗೋಡೆಯಲ್ಲಿ ಬಿಳಿಯ ಗರಿಗಳಂಥ ಗೆರೆಗಳು ಕಂಡರೆ ಅದನ್ನು ಬೂಷ್ಟೆಂದು ಎಸೆಯುವವರಿದ್ದಾರೆ. ಹರಳುಗಟ್ಟುವಾಗ ಜೇನು ಕೊಂಚ ಕುಗ್ಗಿ ಗಾಜಿನಿಂದ ಬಿಟ್ಟುಕೊಂಡೆಡೆಯಲ್ಲಿ ಗಾಳಿ ನುಸುಳಿ ಮೂಡುವ ಗುರುತು ಅದು, ರುಚಿಗೂ ಗುಣಕ್ಕೂ ಅದರಿಂದ ಧಕ್ಕೆಯಿಲ್ಲ. ಮೇಲ್ಭಾಗದಲ್ಲಿ ಕಂದು ದ್ರವ ಬೇರೆಯಾಗಿ ನಿಂತಿದ್ದರೆ ಜೇನು ಬಿಸಿಗೆ ಸಿಕ್ಕಿದೆಯೆಂದು ತಿಳಿದು, ತಂಪಿಗಿಟ್ಟು, ಅದನ್ನು ಬೇಗ ಬಳಸಬೇಕು. ನೊರೆ ಎದ್ದು ಹುಳಿ ವಾಸನೆ ಬಂದಿದ್ದರೆ ಮಾತ್ರ ಅದು ಹುಳಿತ ಜೇನೇ.

ಜೇನನ್ನು ಬಿಸಿ ಮಾಡುವ ವಿಷಯ ಬಂದಾಗ ಭಾರತೀಯ ಓದುಗರಿಗೆ ಆಯುರ್ವೇದದ ನಿಷೇಧ ನೆನಪಾಗುವುದು ಸಹಜ. ಚರಕಸಂಹಿತೆ ಕಾಯಿಸಿದ ಜೇನನ್ನು ಅಹಿತವೆಂದು ಪರಿಗಣಿಸುತ್ತದೆ. ಇಂದಿನ ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ, ಬಿಸಿಯಿಂದ ಜೇನಿನ ಕಿಣ್ವಗಳು ಕ್ಷೀಣಿಸಿ, ಸಕ್ಕರೆ ಒಡೆದು ಹುಟ್ಟುವ ಎಚ್.ಎಂ.ಎಫ್. ಎಂಬ ಸಂಯುಕ್ತ ಏರುತ್ತದೆ, ಭಾರತದ ನಿಯಮ ಇದಕ್ಕೆ ಕಿಲೋಗೆ 80 ಮಿಲಿಗ್ರಾಂ ಮಿತಿ ಹಾಕಿದೆ. ಡೈಸ್ ವಿಧಾನದಲ್ಲಿ ಬಿಸಿ ಕೆಲವೇ ನಿಮಿಷಗಳದ್ದಾಗಿ ತಕ್ಷಣ ತಣಿಸುವುದರಿಂದ ಈ ಏರಿಕೆ ಅಲ್ಪ. ಹಾಗಿದ್ದರೂ ಕಾಯಿಸದ ಜೇನೇ ಬೇಕೆನ್ನುವವರು ಯುರೋಪಿನ ಅನೇಕ ಜೇನುಕೃಷಿಕರ ಮಾರ್ಗವನ್ನು ಹಿಡಿಯಬಹುದು: ಜೇನನ್ನು ಬಿಸಿ ಮಾಡದೆ, ಈಗಾಗಲೇ ಇರುವ ಹರಳು ಕರಗುವಷ್ಟು, 40 ಡಿಗ್ರಿ ಮೀರದಂತೆ ಮಾತ್ರ ಬೆಚ್ಚಗೆ ಮಾಡಿ, ತಣಿದ ಮೇಲೆ ಹೆಪ್ಪು ಹಾಕಿ, ದಿನಕ್ಕೆ ಒಂದೆರಡು ಬಾರಿ ಮೆಲ್ಲಗೆ ತಿರುಗಿಸುತ್ತ ಗಟ್ಟಿಯಾಗಲು ಬಿಡುವುದು. ಈ ತಿರುಗಿಸುವಿಕೆಯಿಂದ ಬೆಳೆಯುತ್ತಿರುವ ಹರಳುಗಳು ಒಡೆದು ಸಣ್ಣವಾಗಿಯೇ ಉಳಿಯುತ್ತವೆ. ಯೀಸ್ಟುಗಳು ಮಾತ್ರ ಇದರಲ್ಲಿ ಜೀವಂತವಾಗಿರುತ್ತವೆಯಾದ್ದರಿಂದ ತೇವಾಂಶ ಕಡಿಮೆಯಿರುವ ಜೇನಿಗಷ್ಟೇ ಈ ಮಾರ್ಗ ಸುರಕ್ಷಿತ.

ರುಚಿಗೆಂದು ಏಲಕ್ಕಿ, ದಾಲ್ಚಿನ್ನಿ ಅಥವಾ ಒಣಶುಂಠಿಯ ಪುಡಿಯನ್ನು ಹೆಪ್ಪಿನ ಜೊತೆಯಲ್ಲಿಯೇ ಸೇರಿಸಬಹುದು. ಹಸಿಶುಂಠಿ, ನಿಂಬೆರಸ, ಹಣ್ಣಿನ ತಿರುಳುಗಳು ನೀರನ್ನು ತರುವುದರಿಂದ ಅವುಗಳನ್ನು ಬೆರೆಸಿದ ಜೇನು ಹುಳಿಯುವುದು ನಿಶ್ಚಿತವೆಂದೇ ಎಣಿಸಬೇಕು. ಬಿಸಿ ಅಕ್ಕಿರೊಟ್ಟಿ, ದೋಸೆಗಳ ಮೇಲೆ ಸವರಿದಾಗ ಇದು ಹರಿದುಹೋಗದೆ ನಿಂತು ನಿಧಾನವಾಗಿ ಕರಗುತ್ತದೆ, ಮಕ್ಕಳ ಕೈ ಬಟ್ಟೆಗಳಿಗೆ ಅಂಟುವುದೂ ಕಡಿಮೆ. ಒಂದು ವರ್ಷ ತುಂಬದ ಶಿಶುಗಳಿಗೆ ಮಾತ್ರ ಯಾವ ರೂಪದ ಜೇನನ್ನೂ ಕೊಡಬಾರದು. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಇರುವ ಸಾಧ್ಯತೆಯಿದ್ದು, 66 ಡಿಗ್ರಿಯ ಬಿಸಿ ಅವುಗಳನ್ನು ನಾಶಪಡಿಸಲಾರದು.

ಒಟ್ಟಿನಲ್ಲಿ ಕ್ರೀಮ್ ಜೇನು ನಮ್ಮ ಹವೆಯಲ್ಲಿ ವರ್ಷವಿಡೀ ದಾಸ್ತಾನು ಮಾಡಿಡುವ ಪದಾರ್ಥವಲ್ಲ. ಕರಾವಳಿಯ 32 ಡಿಗ್ರಿಯ ಸೆಕೆಯಲ್ಲಿ ಅದು ಕೆಲವೇ ವಾರಗಳಲ್ಲಿ ಪದರಪದರವಾಗಿ ಒಡೆಯುತ್ತದೆ, ಬೆಂಗಳೂರಿನ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹದಗೆಡದೆ ಇರುತ್ತದೆ. ಮೊದಲ ಸಲ ಮಾಡುವವರು ಅರ್ಧ ಕಿಲೋ ಪಕ್ವ ಜೇನಿನಿಂದ, ನವೆಂಬರ್ ಕಳೆದ ಮೇಲೆ ಆರಂಭಿಸುವುದು ಮೇಲು. ಸಿದ್ಧವಾದದ್ದರಲ್ಲಿ 50 ಗ್ರಾಂ ಎತ್ತಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಮುಂದಿನ ಸರದಿಗೆ ಹೆಪ್ಪನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.